ಗುಲಾಮಗಿರಿಯ ಬಾಕಿ: ನಿನ್ನೆ ಮೊನ್ನೆ ಬಂದವರೂ ಕೊಡಬೇಕಾ?

ಪ್ರಶ್ನೆ: ನಾವು ಮೈಸೂರಿನಿಂದ ನ್ಯೂಜೆರ್ಸಿಗೆ ಬಂದದ್ದು 2006ರಲ್ಲಿ. ಈಗ ಇಲ್ಲಿನ ಪೌರರು. ಗುಲಾಮರ ವಂಶಸ್ಥರಿಗೆ ಪರಿಹಾರ ಕೊಡಬೇಕೇ ಎಂಬ ಬಗ್ಗೆ ಮಗಳ ಹೈಸ್ಕೂಲಿನಲ್ಲಿ ಚರ್ಚೆ ಇತ್ತು. ಅವಳು ಕೊಡಲೇಬೇಕು ಅನ್ನುತ್ತಾಳೆ. ನನಗೆ ಒಪ್ಪಿಗೆಯಾಗುತ್ತಿಲ್ಲ. ಗುಲಾಮರೂ ಸತ್ತರು, ಯಜಮಾನರೂ ಸತ್ತರು. ನಮ್ಮ ತಾತ ಮುತ್ತಾತಂದಿರು ಸ್ವತಃ ಬ್ರಿಟಿಷರ ಆಳ್ವಿಕೆಯಲ್ಲಿ ಇದ್ದವರು. ನಮ್ಮ ತೆರಿಗೆಯಿಂದ ಯಾಕೆ ಕೊಡಬೇಕು? ಕೊಟ್ಟರೂ ಯಾರಿಗೆ, ಎಷ್ಟು? ಇದೂ ನಮ್ಮ ಮೀಸಲಾತಿಯ ಥರವಾ?

ಉತ್ತರ: ಸುತ್ತಿ ಬಳಸುವುದು ಬೇಡ. ಕೊಡಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಕೊಡಬೇಕಾದವರು ನೀವಲ್ಲ, ಸರ್ಕಾರ ಮತ್ತು ಆ ದುಡ್ಡಿನಿಂದ ಬೆಳೆದ ಸಂಸ್ಥೆಗಳು. ಸರ್ಕಾರದ ದುಡ್ಡು ಅಂದರೆ ನಮ್ಮ ದುಡ್ಡೇ ಅಲ್ವಾ ಎಂದು ನೀವು ಕೇಳುತ್ತೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಒಂದು ವಿಷಯ. ಗುಲಾಮಗಿರಿಗೆ ಪರಿಹಾರ ಕೊಡುವುದು ಹೊಸ ಐಡಿಯಾ ಅಲ್ಲ. 19ನೇ ಶತಮಾನದಲ್ಲೇ ಕೊಟ್ಟಾಗಿದೆ, ಅದೂ ಧಾರಾಳವಾಗಿ. ಕೊಟ್ಟದ್ದು ಗುಲಾಮರಿಗಲ್ಲ, ಅವರ ಯಜಮಾನರಿಗೆ.

ಬ್ರಿಟನ್ ಸಂಸತ್ತು 1833ರಲ್ಲಿ ಗುಲಾಮಗಿರಿ ರದ್ದು ಮಾಡುವ ಕಾನೂನು ತಂದಿತು. ಸುಮಾರು 8 ಲಕ್ಷ ಜನರನ್ನು ಬಿಡುಗಡೆ ಮಾಡಬೇಕಿತ್ತು. 'ನಮ್ಮ ಆಸ್ತಿ ಹೋಯಿತು' ಎಂದು ಯಜಮಾನರು ಹಟ ಹಿಡಿದರು. ಸರ್ಕಾರ ಅವರಿಗೆ 2 ಕೋಟಿ ಪೌಂಡ್ ಕೊಟ್ಟಿತು. ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಅದು ಹತ್ತಿರ ಹತ್ತಿರ ಶೇ. 40. ಅಷ್ಟು ದುಡ್ಡು ಖಜಾನೆಯಲ್ಲಿ ಇರಲಿಲ್ಲ. 1835ರಲ್ಲಿ ರಾತ್‌ಶೀಲ್ಡ್ ಮತ್ತು ಮಾಂಟೆಫಿಯೋರಿ ಎಂಬ ಲಂಡನ್ನಿನ ಸಾಹುಕಾರರ ಮುಂದಾಳತ್ವದಲ್ಲಿ 1.5 ಕೋಟಿ ಪೌಂಡ್ ಸಾಲ ಎತ್ತಿದರು. ಸುಮಾರು 46 ಸಾವಿರ ಅರ್ಜಿಗಳು ಬಂದವು. ಯಾರಿಗೆ ಎಷ್ಟು ಹೋಯಿತು ಎಂಬ ಲೆಕ್ಕವನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಹುಡುಕಿ ಎಲ್ಲರಿಗೂ ಸಿಗುವ ಹಾಗೆ ಮಾಡಿದ್ದಾರೆ. ಮುಂದೆ ನಾಲ್ಕು ಸಲ ಪ್ರಧಾನಿಯಾದ ಗ್ಲಾಡ್‌ಸ್ಟನ್ ಗೊತ್ತಲ್ಲ, ಅವರ ಅಪ್ಪ ಜಾನ್ ಗ್ಲಾಡ್‌ಸ್ಟನ್‌ಗೆ 2,508 ಗುಲಾಮರ ಲೆಕ್ಕದಲ್ಲಿ 1 ಲಕ್ಷ ಪೌಂಡಿಗೂ ಮೇಲೆ ಸಿಕ್ಕಿತು.

ಬಿಡುಗಡೆಯಾದವರಿಗೆ ಏನು ಸಿಕ್ಕಿತು? ಒಂದು ಪೆನ್ನಿಯೂ ಇಲ್ಲ. 'ಕೆಲಸ ಕಲಿಯುವವರು' ಎಂದು ಹೆಸರಿಟ್ಟು 1838ರ ತನಕ ಅದೇ ಯಜಮಾನರಿಗೆ ಕೂಲಿಯಿಲ್ಲದೆ ದುಡಿಸಿದರು. ಅಂದರೆ ಪರಿಹಾರದ ಒಂದು ಪಾಲನ್ನು ಗುಲಾಮರೇ ಮೈ ಮುರಿದು ಕಟ್ಟಿದರು. ಆ ಅವಧಿ ಮುಗಿಯುವ ಹೊತ್ತಿಗೆ ಅದೇ ಜಾನ್ ಗ್ಲಾಡ್‌ಸ್ಟನ್ ತನ್ನ ಗಯಾನಾ ತೋಟಗಳಿಗೆ ಕಲ್ಕತ್ತೆಯಿಂದ ಭಾರತೀಯ ಕೂಲಿಗಳನ್ನು ತರಿಸಿದ. 1838ರಲ್ಲಿ ವಿಟ್‌ಬಿ, ಹೆಸ್ಪರಸ್ ಎಂಬ ಎರಡು ಹಡಗುಗಳಲ್ಲಿ ಬಂದವರಿಂದ ಅಲ್ಲಿ ಗಿರ್ಮಿಟ್ ಕೂಲಿಯ, ಅಂದರೆ ಕರಾರಿನ ಮೇಲೆ ದುಡಿಸುವ ಕೂಲಿಯ ಕಥೆ ಶುರುವಾಯಿತು. ಕೆರಿಬಿಯನ್ ಭಾರತೀಯರ ಇತಿಹಾಸ ಗುಲಾಮಗಿರಿಯ ಇತಿಹಾಸಕ್ಕೆ ಹೀಗೆ ಅಂಟಿಕೊಂಡಿದೆ.

ಈಗ ನಿಮ್ಮ ತೆರಿಗೆಯ ಪ್ರಶ್ನೆಗೆ ಇಲ್ಲೇ ಒಂದು ಮುಖ್ಯ ವಿಷಯ ಸಿಗುತ್ತದೆ. ಬ್ರಿಟನ್ 1835ರಲ್ಲಿ ಎತ್ತಿದ ಆ ಸಾಲ ಒಂದು ಬಾಂಡಿನಿಂದ ಇನ್ನೊಂದು ಬಾಂಡಿಗೆ ಸೇರಿಕೊಳ್ಳುತ್ತಾ ಪೂರ್ತಿ ತೀರಿದ್ದು 2015ರಲ್ಲಿ. ಹೌದು, ಮೊನ್ನೆ ಮೊನ್ನೆ! 2018ರಲ್ಲಿ ಬ್ರಿಟನ್ನಿನ ಖಜಾನೆ ಇದನ್ನೇ ಹೆಮ್ಮೆಯಿಂದ ಟ್ವೀಟ್ ಮಾಡಿ, 'ನಿಮ್ಮ ತೆರಿಗೆಯಿಂದ ಗುಲಾಮಗಿರಿ ಕೊನೆಯಾಯಿತು' ಎಂಬ ಧಾಟಿಯಲ್ಲಿ ಹೇಳಿ ಬೈಸಿಕೊಂಡಿತು. ಜಮೈಕಾದಿಂದ ಲಂಡನ್ನಿಗೆ ಬಂದು ಬಸ್ಸು ಓಡಿಸಿದ ಗುಲಾಮರ ಮರಿಮಕ್ಕಳೂ ಆ ಸಾಲಕ್ಕೆ ತೆರಿಗೆ ಕಟ್ಟಿದರು. ಅಲ್ಲಿಗೆ ಡಾಕ್ಟರಾಗಿ ಹೋದ ನಮ್ಮ ಕನ್ನಡದವರೂ ಕಟ್ಟಿದರು. 'ನಾನು ಈಗ ಬಂದವನು, ನನಗೇನು ಸಂಬಂಧ' ಎಂದು ಆಗ ಯಾರೂ ಕೇಳಲಿಲ್ಲ.

ಅಮೆರಿಕದ್ದೂ ಇದೇ ಕಥೆ. ಏಪ್ರಿಲ್ 16, 1862ರಂದು ವಾಷಿಂಗ್ಟನ್ ನಗರದಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದ ಸುಮಾರು 3,100 ಜನರ ಯಜಮಾನರಿಗೆ ತಲೆಗೆ 300 ಡಾಲರಿನವರೆಗೆ ಪರಿಹಾರ. ಯಾರ ಬೆಲೆ ಎಷ್ಟು ಎಂದು ಕಟ್ಟಲು ಬಾಲ್ಟಿಮೋರಿನಿಂದ ಒಬ್ಬ ಗುಲಾಮರ ವ್ಯಾಪಾರಿಯನ್ನೇ ಕರೆಸಿದ್ದರು. ಬಿಡುಗಡೆಯಾದವರಿಗೂ 100 ಡಾಲರಿನವರೆಗೆ ಕೊಡಬಹುದಿತ್ತು, ಆದರೆ ಒಂದು ಷರತ್ತು: ದೇಶ ಬಿಟ್ಟು ಹೋಗಬೇಕು.

ಹೈಟಿಯದ್ದಂತೂ ಹೊಟ್ಟೆ ಉರಿಸುವ ಕಥೆ. ಅಲ್ಲಿನ ಗುಲಾಮರು ದಂಗೆ ಎದ್ದು, ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿ 1804ರಲ್ಲಿ ಸ್ವತಂತ್ರರಾದರು. 1825ರಲ್ಲಿ ಫ್ರಾನ್ಸ್ ಯುದ್ಧದ ಹಡಗುಗಳನ್ನು ತಂದು ನಿಲ್ಲಿಸಿ, 15 ಕೋಟಿ ಫ್ರಾಂಕ್ ಕೊಟ್ಟರೆ ಮಾತ್ರ ನಿಮ್ಮನ್ನು ದೇಶ ಎಂದು ಒಪ್ಪುತ್ತೇವೆ ಅಂದಿತು. ಕಳೆದುಹೋದ ತೋಟ ಮತ್ತು ಗುಲಾಮರಿಗೆ, ಅಂದರೆ ಅವರದೇ ಮೈಗೆ, ಅವರೇ ಬೆಲೆ ಕಟ್ಟಿಕೊಡಬೇಕು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಮೊದಲ ಕಂತು ಕಟ್ಟಲು ಪ್ಯಾರಿಸ್ಸಿನ ಬ್ಯಾಂಕುಗಳಿಂದಲೇ ಸಾಲ ಮಾಡಬೇಕಾಯಿತು. ಆ ಸಾಲ, ಅದರ ಮೇಲಿನ ಸಾಲ ಎಲ್ಲ ತೀರುವಾಗ 1947. 2003ರಲ್ಲಿ ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಲೆಕ್ಕ ಹಾಕಿ 2,100 ಕೋಟಿ ಡಾಲರಿಗೂ ಹೆಚ್ಚು ವಾಪಸ್ ಕೇಳಿದರು. ಮುಂದಿನ ವರ್ಷವೇ ಅವರು ಅಧಿಕಾರ ಕಳೆದುಕೊಂಡರು. ಏಪ್ರಿಲ್ 2025ರಲ್ಲಿ, ಆ ಆದೇಶಕ್ಕೆ 200 ವರ್ಷ ತುಂಬಿದಾಗ, ಅಧ್ಯಕ್ಷ ಮ್ಯಾಕ್ರೋನ್ ಎರಡೂ ದೇಶಗಳ ಇತಿಹಾಸಕಾರರ ಆಯೋಗ ಮಾಡುತ್ತೇವೆ ಅಂದರು. ದುಡ್ಡಿನ ಮಾತು ಆಡಲಿಲ್ಲ.

ಹಾಗಾಗಿ 'ಇಷ್ಟು ಹಳೆಯದಕ್ಕೆ ಲೆಕ್ಕ ಹಾಕೋದು ಹೇಗೆ', 'ಸರ್ಕಾರಕ್ಕೆ ಅಷ್ಟು ದುಡ್ಡು ಎಲ್ಲಿಂದ ಬರುತ್ತೆ' ಎಂಬ ಮಾತು ಕೇಳಿದಾಗ ನನಗೆ ಸ್ವಲ್ಪ ನಗು ಬರುತ್ತದೆ. ಲೆಕ್ಕ ಹಾಕುವುದು ಹೇಗೆಂದು ಸರ್ಕಾರಗಳಿಗೆ ಚೆನ್ನಾಗಿ ಗೊತ್ತಿತ್ತು.

ಇನ್ನು 'ಸತ್ತವರ ಬಾಕಿ' ಎಂಬ ನಿಮ್ಮ ಮಾತು. ಇದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಬದುಕಿದ್ದಾಗ ಅವರು ಕೇಳಲಿಲ್ಲವೇ? ಕೇಳಿದರು. ಮತ್ತೆ ಮತ್ತೆ ಕೇಳಿದರು.

ಹೆನ್ರಿಯೆಟಾ ವುಡ್ ಎಂಬ ಹೆಂಗಸಿನ ಕೇಸು ನೋಡಿ. ಕೆಂಟಕಿಯಲ್ಲಿ ಗುಲಾಮಳಾಗಿ ಹುಟ್ಟಿದವರು. 1848ರಲ್ಲಿ ಸಿನ್ಸಿನಾಟಿಯಲ್ಲಿ ಕಾನೂನುಬದ್ಧವಾಗಿ ಬಿಡುಗಡೆಯಾಗಿ ಮನೆಗೆಲಸ ಮಾಡಿಕೊಂಡಿದ್ದರು. 1853ರಲ್ಲಿ ಅವರನ್ನು ಮೋಸದಿಂದ ಗಾಡಿ ಹತ್ತಿಸಿ, ಒಹಾಯೊ ನದಿ ದಾಟಿಸಿ, ಮತ್ತೆ ಮಾರಿಬಿಟ್ಟರು. ಇದರ ಹಿಂದೆ ಇದ್ದವನು ಝೆಬ್ಯುಲಾನ್ ವಾರ್ಡ್ ಎಂಬ ಡೆಪ್ಯುಟಿ ಶೆರಿಫ್. ಆಕೆ ಮಿಸಿಸಿಪ್ಪಿಯ ಹತ್ತಿ ಹೊಲಗಳಲ್ಲಿ, ಆಮೇಲೆ ಟೆಕ್ಸಾಸ್‌ನಲ್ಲಿ ದುಡಿದರು. ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಸಿನ್ಸಿನಾಟಿಗೆ ವಾಪಸ್ ಬಂದು 1870ರಲ್ಲಿ ವಾರ್ಡ್ ಮೇಲೆ 20 ಸಾವಿರ ಡಾಲರಿಗೆ ದಾವೆ ಹೂಡಿದರು. ಅಷ್ಟು ಹೊತ್ತಿಗೆ ಆತ ಜೈಲಿನ ಕೈದಿಗಳನ್ನು ಗುತ್ತಿಗೆಗೆ ಹಿಡಿದು ದುಡಿಸಿ ಶ್ರೀಮಂತನಾಗಿದ್ದ. 1878ರಲ್ಲಿ ಬರೀ ಬಿಳಿಯರೇ ಇದ್ದ ಜ್ಯೂರಿ ಆಕೆಗೆ 2,500 ಡಾಲರ್ ಕೊಡಿಸಿತು. ಗುಲಾಮಗಿರಿಯ ನಷ್ಟಕ್ಕೆ ಅಮೆರಿಕದ ಕೋರ್ಟು ಕೊಡಿಸಿದ ಮೊತ್ತಗಳಲ್ಲಿ ನಮಗೆ ಗೊತ್ತಿರುವ ಅತಿ ದೊಡ್ಡದು ಅದೇ. ಕೇಳಿದ್ದರಲ್ಲಿ ಎಂಟನೇ ಒಂದು ಪಾಲು. ಆದರೂ ಆ ದುಡ್ಡು ಏನು ಮಾಡಿತು ನೋಡಿ: ಮಗ ಆರ್ಥರ್ ಸಿಮ್ಸ್ ಶಿಕಾಗೋದಲ್ಲಿ ಮನೆ ಕೊಂಡರು, ಕಾನೂನು ಓದಿ ವಕೀಲರಾದರು. ಒಂದು ತಲೆಮಾರಿನಲ್ಲಿ ಬದುಕು ಬದಲಾಯಿತು. ಪರಿಹಾರದ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಉಳಿದ ಸುಮಾರು 40 ಲಕ್ಷ ಜನರಿಗೆ ಆ ಅದೃಷ್ಟ ಇರಲಿಲ್ಲ. ಜನವರಿ 1865ರಲ್ಲಿ, ಅಂತರ್ಯುದ್ಧ ಮುಗಿಯುವ ಮುನ್ನ, ಉತ್ತರದ ಸೈನ್ಯದ ಜನರಲ್ ಶರ್ಮನ್ ಜಾರ್ಜಿಯಾದ ಸವಾನಾದಲ್ಲಿ 20 ಕಪ್ಪು ಪಾದ್ರಿಗಳನ್ನು ಕರೆಸಿ, ನಿಮಗೇನು ಬೇಕು ಎಂದು ಕೇಳಿಸಿದ. ಅವರ ಪರವಾಗಿ ಮಾತಾಡಿದ ಗ್ಯಾರಿಸನ್ ಫ್ರೇಜಿಯರ್ ಕೇಳಿದ್ದು ಜಮೀನು, ಸ್ವಂತ ದುಡಿದು ತಿನ್ನಲು. ನಾಲ್ಕೇ ದಿನದಲ್ಲಿ ಆದೇಶ ಬಂತು: ದಕ್ಷಿಣದ ಕರಾವಳಿಯಲ್ಲಿ ಕುಟುಂಬಕ್ಕೆ 40 ಎಕರೆಯವರೆಗೆ. ಸುಮಾರು 40 ಸಾವಿರ ಜನ ಅಲ್ಲಿ ನೆಲೆ ನಿಂತು ಬಿತ್ತನೆಯನ್ನೂ ಮಾಡಿದರು. ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾದರು. ಅವರ ಜಾಗಕ್ಕೆ ಬಂದ ಆಂಡ್ರೂ ಜಾನ್ಸನ್ ಅದೇ ವರ್ಷ ಹೆಚ್ಚಿನ ಜಮೀನನ್ನು ಹಳೆಯ ಯಜಮಾನರಿಗೇ ವಾಪಸ್ ಕೊಡಿಸಿದರು.

ಮುಂದೆ ಟೆನೆಸಿಯ ಕ್ಯಾಲಿ ಹೌಸ್ ಎಂಬ ಬಟ್ಟೆ ಒಗೆಯುವ ಹೆಂಗಸು, ಮಾಜಿ ಗುಲಾಮರಿಗೆ ಪಿಂಚಣಿ ಕೊಡಿ ಎಂದು ದೇಶ ತುಂಬ ಸಂಘ ಕಟ್ಟಿದರು. 1915ರಲ್ಲಿ, ಹತ್ತಿಯ ಮೇಲೆ ವಸೂಲಾದ ತೆರಿಗೆ ನಮ್ಮ ದುಡಿಮೆ ಎಂದು ಖಜಾನೆಯ ಮೇಲೆ 6.8 ಕೋಟಿ ಡಾಲರಿಗೆ ಕೇಸು ಹಾಕಿಸಿದರು. ಸರ್ಕಾರದ ಒಪ್ಪಿಗೆ ಇಲ್ಲದೆ ಸರ್ಕಾರದ ಮೇಲೆ ದಾವೆ ನಡೆಯದು ಎಂದು ಕೋರ್ಟು ಕೈ ತೊಳೆದುಕೊಂಡಿತು. 1917ರಲ್ಲಿ ಕ್ಯಾಲಿ ಹೌಸ್ ಅವರನ್ನೇ ಅಂಚೆ ವಂಚನೆಯ ಆರೋಪದಲ್ಲಿ ಜೈಲಿಗೆ ಹಾಕಿದರು. ಬದುಕಿದ್ದಾಗ ಕೇಳಿದರೆ ಜೈಲು, ಸತ್ತ ಮೇಲೆ ಮಕ್ಕಳು ಕೇಳಿದರೆ 'ತಡವಾಯಿತು'. ಬಾಕಿ ಉಳಿಸಿಕೊಂಡವನೇ ತಡ ಮಾಡಿ, ಆ ತಡವನ್ನೇ ನೆಪ ಹೇಳಿದರೆ ನಮ್ಮೂರಿನ ಪಂಚಾಯ್ತಿ ಕಟ್ಟೆಯಲ್ಲೂ ಒಪ್ಪುವುದಿಲ್ಲ.

ಇನ್ನೊಂದು. ದೇಶದಲ್ಲಿ ಗುಲಾಮಗಿರಿ ರದ್ದಾದ 1865ಕ್ಕೆ ಅನ್ಯಾಯ ನಿಲ್ಲಲಿಲ್ಲ. 1930ರ ದಶಕದಲ್ಲಿ ಫೆಡರಲ್ ಸರ್ಕಾರವೇ ನಗರಗಳ ನಕ್ಷೆ ಮಾಡಿ, ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿದು, 'ಇಲ್ಲಿ ಸಾಲ ಕೊಡುವುದು ಅಪಾಯ' ಎಂದು ಗುರುತು ಹಾಕಿತು. ಎರಡನೇ ಮಹಾಯುದ್ಧದಿಂದ ಬಂದ ಸೈನಿಕರಿಗೆ 1944ರ ಕಾನೂನಿನಲ್ಲಿ ಮನೆ ಸಾಲ, ಕಾಲೇಜು ಎಲ್ಲ ಸಿಕ್ಕಿತು. ಅದೇ ಯುದ್ಧ ಮಾಡಿದ ಕಪ್ಪು ಸೈನಿಕರಲ್ಲಿ ಹೆಚ್ಚಿನವರಿಗೆ ಬ್ಯಾಂಕಿನ ಬಾಗಿಲು ತೆರೆಯಲಿಲ್ಲ. ಅಮೆರಿಕದ ಮಧ್ಯಮ ವರ್ಗಕ್ಕೆ ಮನೆಯೇ ಆಸ್ತಿ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವಿನ 2022ರ ಸಮೀಕ್ಷೆಯಲ್ಲಿ ಬಿಳಿಯರ ಕುಟುಂಬದ ನಡುಮಟ್ಟದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಇದರಲ್ಲಿ ಎಷ್ಟು ಪಾಲು ಗುಲಾಮಗಿರಿಯದು, ಎಷ್ಟು ಆಮೇಲಿನದು ಎಂದು ಬಿಡಿಸುವುದು ಕಷ್ಟ. ಆದರೆ ಕೆಂಪು ಬಣ್ಣ ಬಳಿದ ಬಡಾವಣೆಯಲ್ಲಿ ಸಾಲ ಸಿಗದವರಲ್ಲಿ ಕೆಲವರು ಇನ್ನೂ ಬದುಕಿದ್ದಾರೆ. ಅವರ ವಿಷಯದಲ್ಲಿ 'ಎಲ್ಲರೂ ಸತ್ತರು' ಎಂಬ ಮಾತು ನಿಲ್ಲುವುದಿಲ್ಲ.

ಈಗ ನಿಮ್ಮ ಜೇಬಿಗೆ ಬರೋಣ. ಬೆಂಗಳೂರಿನಲ್ಲಿ ಸೈಟು ಕೊಳ್ಳುವಾಗ ನಾವು ಮೊದಲು ತೆಗೆಸುವುದು ಇ.ಸಿ., ಅಂದರೆ ಋಣಭಾರ ಪತ್ರ. ಹಿಂದಿನವರು ಮಾಡಿದ ಸಾಲ ಸೈಟಿನ ಮೇಲಿದ್ದರೆ ಕೊಂಡವರು 'ನಾನು ಮಾಡಿದ್ದಲ್ಲ' ಅನ್ನುವ ಹಾಗಿಲ್ಲ. ಪೌರತ್ವವೂ ಹೀಗೆಯೇ ಬರುತ್ತದೆ. ರಸ್ತೆ, ಕೋರ್ಟು, ವಿಶ್ವವಿದ್ಯಾಲಯ, ಡಾಲರಿನ ಬಲ ಎಲ್ಲವನ್ನೂ ನೀವು ಪಡೆದಿರಿ, ಅದನ್ನು ಕಟ್ಟಿದವರು ನೀವಲ್ಲ. ಅಮೆರಿಕ 19ನೇ ಶತಮಾನದಲ್ಲಿ ಮಾಡಿಕೊಂಡ ಒಪ್ಪಂದಗಳು ಇವತ್ತಿಗೂ ಅದನ್ನು ಕಟ್ಟಿಹಾಕುತ್ತವೆ. ಎರಡನೇ ಮಹಾಯುದ್ಧದಲ್ಲಿ ಕ್ಯಾಂಪುಗಳಲ್ಲಿ ಕೂಡಿಹಾಕಿದ್ದ ಜಪಾನಿ ಮೂಲದವರಿಗೆ 1988ರ ಕಾನೂನಿನ ಪ್ರಕಾರ ತಲಾ 20 ಸಾವಿರ ಡಾಲರ್ ಕೊಟ್ಟಾಗ, 1975ರಲ್ಲಿ ಬಂದ ಭಾರತೀಯ ಎಂಜಿನಿಯರ ತೆರಿಗೆಯೂ ಅದರಲ್ಲಿ ಸೇರಿತ್ತು. ಸಹಿ ಹಾಕಿದವರು ರೇಗನ್, ಎಡಪಂಥೀಯರೇನಲ್ಲ.

ನಮ್ಮವರು ಸಾಮಾನ್ಯವಾಗಿ ಮರೆಯುವ ಮಾತೊಂದಿದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವ ಇಲ್ಲ ಎಂದಿತು. 1946ರ ಕಾನೂನು ಭಾರತಕ್ಕೆ ವರ್ಷಕ್ಕೆ 100 ಜನರ ಕೋಟಾ ಕೊಟ್ಟಿತು. ನಿಜವಾಗಿ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ಕಪ್ಪು ಜನ ಬೀದಿಯಲ್ಲಿ ಲಾಠಿ, ನಾಯಿ, ನೀರಿನ ಫಿರಂಗಿ ಎದುರಿಸಿ ಗೆದ್ದ ನಾಗರಿಕ ಹಕ್ಕುಗಳ ಅಲೆಯಲ್ಲೇ ಅದೂ ಬಂತು. 2006ರಲ್ಲಿ ನೀವು ದಾಟಿದ ಬಾಗಿಲಿನ ಚಿಲಕ ತೆಗೆದವರಲ್ಲಿ ಅವರೂ ಇದ್ದಾರೆ.

ಯಾರಿಗೆ ಕೊಡುವುದು ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರ ಪಟ್ಟಿ ಇದೆ, ಆದರೆ ಹೆಸರಿಲ್ಲ. ಯಜಮಾನನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಅಷ್ಟೇ. ಅವರಲ್ಲಿ ಹೆಚ್ಚಿನವರ ಹೆಸರು ಜನಗಣತಿಯಲ್ಲಿ ಮೊದಲು ಬರುವುದು 1870ರಲ್ಲಿ. ವಂಶಾವಳಿ ಹುಡುಕುವವರು ಅದನ್ನು ಗೋಡೆ ಅನ್ನುತ್ತಾರೆ. ಆ ಗೋಡೆ ದಾಟಲು ನೆರವಾಗುವ ದಾಖಲೆಗಳಲ್ಲಿ ಒಂದು ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕ. ಬಿಡುಗಡೆಯಾದವರ ಉಳಿತಾಯಕ್ಕೆಂದೇ ಮಾಡಿದ ಆ ಬ್ಯಾಂಕು 1874ರಲ್ಲಿ ಮುಳುಗಿ 61 ಸಾವಿರ ಜನರ ದುಡ್ಡು ಸಿಕ್ಕಿಹಾಕಿಕೊಂಡಿತು. ಇವತ್ತು ಅದೇ ಪುಸ್ತಕದಲ್ಲಿ ಅವರ ಮರಿಮಕ್ಕಳು ಅಜ್ಜಿಯ ಹೆಸರು ಹುಡುಕುತ್ತಾರೆ.

ಕ್ಯಾಲಿಫೋರ್ನಿಯಾ ನೇಮಿಸಿದ ಕಾರ್ಯಪಡೆ 2022ರಲ್ಲಿ 5–4 ಮತದಿಂದ, ಚರ್ಮದ ಬಣ್ಣ ನೋಡಿ ಅಲ್ಲ, ವಂಶ ನೋಡಿ ಕೊಡಬೇಕು ಎಂದು ತೀರ್ಮಾನಿಸಿತು. ಅದೇ ಸರಿ ಎಂದು ನನಗೂ ಅನ್ನಿಸುತ್ತದೆ. ನೈಜೀರಿಯಾದಿಂದ ಹೋದ ವರ್ಷ ಬಂದ ಡಾಕ್ಟರಿಗೂ ಮಿಸಿಸಿಪ್ಪಿಯ ಹತ್ತಿ ಹೊಲದವರ ಮರಿಮಗಳಿಗೂ ಒಂದೇ ಲೆಕ್ಕ ಹಾಕಲಾಗದು. ಕಾನೂನಿನ ಕಾರಣವೂ ಇದೆ. ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಜನಾಂಗ ನೋಡುವುದನ್ನು ಸುಪ್ರೀಂ ಕೋರ್ಟು 2023ರಲ್ಲಿ ತಡೆದ ಮೇಲೆ, ಬಣ್ಣ ನೋಡಿ ಚೆಕ್ ಕೊಡುವ ಯಾವ ಯೋಜನೆಯೂ ಕೋರ್ಟಿನಲ್ಲಿ ಬದುಕುವುದು ಕಷ್ಟ.

ಎಷ್ಟು? ಇಲ್ಲಿ ನಿಮ್ಮ ಮಗಳಿಗಿಂತ ನಾನು ಸ್ವಲ್ಪ ಹಿಂದೆ ನಿಲ್ಲುತ್ತೇನೆ. ಅರ್ಥಶಾಸ್ತ್ರಜ್ಞ ವಿಲಿಯಂ ಡ್ಯಾರಿಟಿ ಅವರಂಥವರು ಆಸ್ತಿಯ ಅಂತರವನ್ನೇ ತುಂಬಿಕೊಡಬೇಕು ಎಂದು 14 ಲಕ್ಷ ಕೋಟಿ ಡಾಲರಿನ ಆಸುಪಾಸು ಹೇಳುತ್ತಾರೆ. ಅವರ ತರ್ಕದಲ್ಲಿ ಹುಳುಕಿಲ್ಲ. ಆದರೆ ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ಪರಿಹಾರಕ್ಕೆ ಒಪ್ಪಿದವರು ಶೇ. 30 ಮಾತ್ರ. ಕಪ್ಪು ಜನರಲ್ಲಿ ಶೇ. 77, ಬಿಳಿಯರಲ್ಲಿ ಶೇ. 18. ಇಂಥ ಕಡೆ ಅಷ್ಟು ದೊಡ್ಡ ಅಂಕಿ ಇಟ್ಟರೆ ಮಾತು ಅಲ್ಲೇ ಮುಗಿಯುತ್ತದೆ. 1800ರ ಕೂಲಿಗೆ ಶೇ. 3 ಬಡ್ಡಿ ಹಾಕಿದರೆ ಒಂದು ಮೊತ್ತ, ಶೇ. 6 ಹಾಕಿದರೆ ಅದರ ನೂರಾರು ಪಟ್ಟು. ಚಕ್ರಬಡ್ಡಿಯಲ್ಲಿ ನ್ಯಾಯ ಹುಡುಕಲು ಹೊರಟರೆ ಎಲ್ಲಿಗೂ ಮುಟ್ಟುವುದಿಲ್ಲ.

ನನಗೆ ಹಿಡಿಸುವುದು ದಾಖಲೆ ಇರುವ ಕಡೆಯಿಂದ ಶುರು ಮಾಡುವುದು. 1838ರಲ್ಲಿ ಮೇರಿಲ್ಯಾಂಡಿನ ಜೆಸ್ಯೂಟ್ ಪಾದ್ರಿಗಳು 272 ಗುಲಾಮರನ್ನು ಲೂಸಿಯಾನಾಕ್ಕೆ 1,15,000 ಡಾಲರಿಗೆ ಮಾರಿ ಜಾರ್ಜ್‌ಟೌನ್ ಕಾಲೇಜನ್ನು ಸಾಲದಿಂದ ಉಳಿಸಿದರು. ಮಾರಾಟದ ಪಟ್ಟಿ ಇದೆ, ಹೆಸರುಗಳಿವೆ, ವಂಶಸ್ಥರು ಸಿಕ್ಕಿದ್ದಾರೆ. 2021ರಲ್ಲಿ ಜೆಸ್ಯೂಟರು ವಂಶಸ್ಥರ ಜೊತೆ ಸೇರಿ 10 ಕೋಟಿ ಡಾಲರಿನ ನಿಧಿಗೆ ಒಪ್ಪಿದರು. ಫ್ಲಾರಿಡಾದ ರೋಸ್‌ವುಡ್ ಎಂಬ ಊರನ್ನು 1923ರಲ್ಲಿ ಬಿಳಿಯರ ಗುಂಪು ಸುಟ್ಟುಹಾಕಿತ್ತು. 1994ರಲ್ಲಿ ರಾಜ್ಯ ಸರ್ಕಾರ ಬದುಕುಳಿದವರಿಗೆ ತಲಾ 1,50,000 ಡಾಲರ್ ಕೊಟ್ಟಿತು. ಶಿಕಾಗೋ ಪಕ್ಕದ ಇವಾನ್ಸ್‌ಟನ್ ಪಟ್ಟಣ 2021ರಿಂದ ಗಾಂಜಾ ಮಾರಾಟದ ತೆರಿಗೆ ತೆಗೆದು, 1919ರಿಂದ 1969ರ ನಡುವೆ ಅಲ್ಲಿದ್ದ ಕಪ್ಪು ನಿವಾಸಿಗಳಿಗೆ ಮತ್ತು ಅವರ ನೇರ ವಂಶಸ್ಥರಿಗೆ ಮನೆಗಾಗಿ 25 ಸಾವಿರ ಡಾಲರ್ ಕೊಡುತ್ತಿದೆ. ಇದು ಬರೀ ವಸತಿ ಯೋಜನೆ, ಪರಿಹಾರ ಅಲ್ಲ ಎಂದು ಟೀಕಿಸುವವರೂ ಇದ್ದಾರೆ, ಕೋರ್ಟಿನಲ್ಲಿ ಕೇಸೂ ಇದೆ. ನನ್ನ ಮಟ್ಟಿಗೆ ಇವಾನ್ಸ್‌ಟನ್ ಮಾಡಿದ್ದು ಬುದ್ಧಿವಂತಿಕೆಯ ಕೆಲಸ. ಊರು ಮಾಡಿದ ಒಂದು ತಪ್ಪನ್ನು ಹೆಸರಿಟ್ಟು ಹೇಳಿ, ಆ ತಪ್ಪಿಗೆ ತಕ್ಕ ಬಾಕಿ ತೀರಿಸುತ್ತಿದೆ.

'ಆಫ್ರಿಕಾದ ರಾಜರೇ ಮಾರಿದರಲ್ಲ' ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು. ನಿಜ, ಮಾರಿದರು. ಬೆನಿನ್ ದೇಶದ ಅಧ್ಯಕ್ಷರು 1999ರಲ್ಲಿ ಅದಕ್ಕೆ ಕ್ಷಮೆಯನ್ನೂ ಕೇಳಿದರು. ಅದರಿಂದ ಕೊಂಡವನ ಪಾಲು ಕಡಿಮೆಯಾಗುವುದಿಲ್ಲ.

ಮೀಸಲಾತಿಯ ಥರವಾ ಎಂದು ಕೇಳಿದಿರಿ. ಇಲ್ಲ. ಮೀಸಲಾತಿ ಹಳೆಯ ಬಾಕಿ ಚುಕ್ತಾ ಮಾಡುವ ಲೆಕ್ಕವಲ್ಲ. ಅಧಿಕಾರ, ಓದು, ಕೆಲಸದಲ್ಲಿ ಯಾರು ಕೂರುತ್ತಾರೆ ಎಂಬ ಇವತ್ತಿನ ಪ್ರಶ್ನೆ ಅದು. ಮೈಸೂರು ಸಂಸ್ಥಾನದಲ್ಲಿ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದು, ಸರ್ಕಾರಿ ಕೆಲಸಗಳೆಲ್ಲ ಒಂದೇ ಸಮುದಾಯದ ಕೈಯಲ್ಲಿವೆ ಎಂಬ ಕಾರಣಕ್ಕೆ. ಯಾರಿಗೂ ಹಿಂದಿನ ಕೂಲಿ ಲೆಕ್ಕ ಹಾಕಿ ಕೊಡಲು ಅಲ್ಲ. ಎರಡನ್ನೂ ಕಲಸಿದರೆ ಎರಡರ ವಾದವೂ ಸಡಿಲವಾಗುತ್ತದೆ.

ಆದರೆ ನಮ್ಮ ನೆಲದಲ್ಲೇ ಈ ಪ್ರಶ್ನೆ ನೇರವಾಗಿ ಮುಟ್ಟುವ ಜನ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳು. ಇವರ ಪೂರ್ವಜರಲ್ಲಿ ಹೆಚ್ಚಿನವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ಹೋದರು. ಇವೆಲ್ಲ ಭಾರತ ಕೊಟ್ಟದ್ದು. ತಂದು ಮಾರಿದ ಪೋರ್ಚುಗಲ್ ಕೊಟ್ಟದ್ದು ಏನೂ ಇಲ್ಲ. 2024ರ ಏಪ್ರಿಲ್‌ನಲ್ಲಿ ಅಲ್ಲಿನ ಅಧ್ಯಕ್ಷರು ಗುಲಾಮಗಿರಿಯ, ವಸಾಹತಿನ ಬೆಲೆಯನ್ನು ನಾವು ತೆರಬೇಕು ಎಂದರು. ಅಲ್ಲಿನ ಸರ್ಕಾರ ಅಂಥ ಯೋಜನೆಯೇ ಇಲ್ಲ ಎಂದು ಕೈ ಆಡಿಸಿತು. ಲಿಸ್ಬನ್ನಿನಿಂದ ಸಿದ್ದಿಗಳಿಗೆ ಒಂದು ಹಾಸ್ಟೆಲ್ಲೋ ವಿದ್ಯಾರ್ಥಿವೇತನವೋ ಬರಲಿ ಎಂದು ನಾವು ಯಾರೂ ಕೇಳಿಲ್ಲ, ಯಾಕೋ.

ಕೊನೆಗೆ ನಿಮ್ಮ ಊರಿನ ವಿಷಯ. ಗುಲಾಮಗಿರಿ ಅಂದರೆ ದಕ್ಷಿಣದ್ದು ಎಂದು ನಮ್ಮವರಲ್ಲಿ ಜಾಸ್ತಿ ಜನ ತಿಳಿದಿದ್ದಾರೆ. ಉತ್ತರದ ರಾಜ್ಯಗಳಲ್ಲಿ ಅದನ್ನು ಎಲ್ಲರಿಗಿಂತ ಕೊನೆಗೆ ಬಿಟ್ಟದ್ದು ನ್ಯೂಜೆರ್ಸಿ. 1804ರ ಕಾನೂನು ಜುಲೈ 4ರ ನಂತರ ಹುಟ್ಟುವ ಮಕ್ಕಳಿಗೆ ಮಾತ್ರ ಬಿಡುಗಡೆ ಕೊಟ್ಟಿತು, ಅದೂ ಹುಡುಗರು 25, ಹುಡುಗಿಯರು 21 ವರ್ಷ ಯಜಮಾನನಿಗೆ ದುಡಿದ ಮೇಲೆ. 1860ರ ಜನಗಣತಿಯಲ್ಲೂ ಅಲ್ಲಿ 18 ಜನ 'ಆಜೀವ ಕೆಲಸಗಾರರು' ಎಂಬ ಹೆಸರಿನಲ್ಲಿ ಗುಲಾಮರಾಗಿಯೇ ಇದ್ದರು. ದೇಶದಲ್ಲಿ ಗುಲಾಮಗಿರಿ ರದ್ದು ಮಾಡುವ ತಿದ್ದುಪಡಿಯನ್ನು ಮೊದಲು ತಿರಸ್ಕರಿಸಿ, ಒಪ್ಪಿದ್ದು 1866ರ ಜನವರಿಯಲ್ಲಿ. 2008ರಲ್ಲಿ ರಾಜ್ಯದ ಶಾಸನಸಭೆ ಕ್ಷಮೆ ಕೇಳಿತು. ಕ್ಷಮೆಯ ಜೊತೆ ಒಂದು ಡಾಲರೂ ಇರಲಿಲ್ಲ. ವಾಷಿಂಗ್ಟನ್ನಿನಲ್ಲೂ ಅಷ್ಟೇ. ಕಾಂಗ್ರೆಸ್ ಸದಸ್ಯ ಜಾನ್ ಕಾನ್ಯರ್ಸ್ 1989ರಲ್ಲಿ ಮೊದಲು ಮಂಡಿಸಿದ, ಆಮೇಲೆ ಎಚ್.ಆರ್. 40 ಎಂದು ಹೆಸರಾದ ಮಸೂದೆ ದುಡ್ಡು ಕೇಳುವುದಿಲ್ಲ, ಅಧ್ಯಯನ ಮಾಡಲು ಒಂದು ಆಯೋಗ ಕೇಳುತ್ತದೆ. ಅದು 2021ರಲ್ಲಿ ಸಮಿತಿಯನ್ನು ದಾಟಿತು, ಸದನವನ್ನು ಇವತ್ತಿಗೂ ದಾಟಿಲ್ಲ. ನಿಮ್ಮ ತೆರಿಗೆಯಿಂದ ಸದ್ಯಕ್ಕೆ ಯಾರಿಗೂ ಏನೂ ಹೋಗುತ್ತಿಲ್ಲ. ನಿಮ್ಮ ಕಾಂಗ್ರೆಸ್ ಪ್ರತಿನಿಧಿ ಆ ಮಸೂದೆಗೆ ಸಹಿ ಹಾಕಿದ್ದಾರೋ ಇಲ್ಲವೋ ಎಂಬುದನ್ನು ಮಗಳ ಜೊತೆ ಕೂತು ನೋಡಿ, ಆಮೇಲೆ ಜಗಳ ಮುಂದುವರಿಸಿ.